ದುಗರ್ಮಾ ಅಜ್ಜಿಯ ಹಾರೆ

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಮನೆಯಲ್ಲಿ ನೀರಿರಲಿಲ್ಲ.

ಹಿಂದಿನ ದಿನ ಊರೆಲ್ಲ ಬಂದು ಚಹಾ ಕುಡಿದು ಹೋಗಿತ್ತು. ಹಂಡೆಯ ತಳ ಕಾಣುತ್ತಿತ್ತು. ನಾನು ನನ್ನ ಗಂಡನ ದಪ್ಪ ಕೋಟು ಹಾಕಿಕೊಂಡು ಹೊರಗೆ ಬಂದೆ. ನಮ್ಮೂರಲ್ಲಿ ಚಳಿಗಾಲದ ನೀರೆಂದರೆ ನದಿಯಿಂದ ಕಡಿದು ತಂದ ಮಂಜುಗಡ್ಡೆ. ಅಂಗಳದ ಮೂಲೆಯಲ್ಲಿ ಸೌದೆಯ ಹಾಗೆ ಒಟ್ಟಿರುತ್ತೇವೆ. ಬೇಕಾದಷ್ಟು ಒಡೆದು ತಂದು ಒಲೆಯ ಮೇಲೆ ಕರಗಿಸಬೇಕು. ಒಡೆಯಲು ಹಾರೆ ಬೇಕು.

ಹಾರೆ ಬೇಲಿಗೆ ಒರಗಿಕೊಂಡಿತ್ತು. ಗುಂಡಿ ತೋಡಿದವರು ಅಲ್ಲಿಟ್ಟು ಹೋಗಿದ್ದರು. ಮೊನೆಗೆ ಹಳದಿ ಮಣ್ಣು ಮೆತ್ತಿ ಹೆಪ್ಪುಗಟ್ಟಿತ್ತು. ನಮ್ಮ ಅಂಗಳದ ಮಣ್ಣು ಕಪ್ಪು. ಹಳದಿ ಮಣ್ಣು ಗುಡ್ಡದ್ದು.

ಗುಡ್ಡದ ಮೇಲೆ ನೆಲ ಕಬ್ಬಿಣವಾಗಿತ್ತು. ಗಂಡಸರು ಹಳೆಯ ಟೈರು ಸುಟ್ಟು ನೆಲ ಕರಗಿಸಿದ್ದರು. ಒಂದು ಗೇಣು ಕರಗಿದರೆ ಒಂದು ಗೇಣು ತೋಡುವುದು. ಮತ್ತೆ ಬೆಂಕಿ. ಮತ್ತೆ ಹಾರೆ. ಅವರ ಮುಖವೆಲ್ಲ ಮಸಿಯಾಗಿತ್ತು. ಆ ಮುಖದಲ್ಲೇ ನಮ್ಮ ಮನೆಗೆ ಬಂದು ಊಟ ಮಾಡಿದ್ದರು.

ನಾನು ಹಾರೆ ಎತ್ತಿ ಗಡ್ಡೆಗೆ ಹೊಡೆದೆ. ಮೊನೆಯ ಮಣ್ಣು ಸಿಡಿದು ಗಡ್ಡೆಯೊಳಗೆ ಸೇರಿತು. ಕೆರೆದೆ. ಪೂರ್ತಿ ಹೋಗಲಿಲ್ಲ. ಹಾಗೆಯೇ ಬಕೆಟ್ಟಿಗೆ ಹಾಕಿಕೊಂಡು ಒಳಗೆ ತಂದೆ. ಅದೇ ನೀರಿನಲ್ಲಿ ಚಹಾ ಆಯಿತು. ಹಾಲು ಹಾಕಿದೆ, ನಮ್ಮ ಪದ್ಧತಿಯಂತೆ ಉಪ್ಪು ಹಾಕಿದೆ. ಕುಡಿದೆವು.

ಅತ್ತೆ ಒಲೆಯ ಮುಂದೆ ಕೂತಿದ್ದರು. ನನ್ನ ಕಣ್ಣನ್ನೇ ನೋಡಿದರು.

"ಹೊರಗೆ ಹೋಗಿ ಅಳ್ಲಿಲ್ಲ ತಾನೇ?"

"ಇಲ್ಲ ಅತ್ತೆ."

"ಅಳಬೇಡ. ನಾವು ಅತ್ತರೆ ಆ ಕಣ್ಣೀರು ಅವನ ದಾರಿಗೆ ಅಡ್ಡ ಹೊಳೆಯಾಗಿ ಹರಿಯುತ್ತೆ. ಅವನಿಗೆ ಈಜು ಬರಲ್ಲ."

ಇದು ನಮ್ಮವರ ಕಟ್ಟಳೆ. ನಲವತ್ತೊಂಬತ್ತು ದಿನ ಅಳಬಾರದು. ಹೆಸರು ಹಿಡಿದು ಕರೆಯಬಾರದು. ಕರೆದರೆ ಹೋಗುತ್ತಿರುವವನು ತಿರುಗಿ ನೋಡುತ್ತಾನೆ. ಅಷ್ಟರೊಳಗೆ ಅವನು ಎರವಲು ತಂದದ್ದೆಲ್ಲ ಅವರವರ ಮನೆ ಸೇರಬೇಕು. ನಾನು ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದಿದವಳು. ಊರಿನ ಶಾಲೆಯಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಆದರೂ ವಾದಿಸಲಿಲ್ಲ. ಅಳು ಬರುತ್ತಲೂ ಇರಲಿಲ್ಲ.

ಅತ್ತೆ ಒಂದೊಂದೇ ನೆನಪಿಸಿಕೊಂಡರು. ಸೋದರಮಾವನ ಜಾರುಬಂಡಿ. ಪಕ್ಕದ ಮನೆಯ ಗರಗಸ. ಯಾರದೋ ಗಾಳಿ ಹಾಕುವ ಪಂಪು.

"ಹಾರೆ?" ಎಂದೆ.

"ಅದು ಇರಲಿ."

"ಅದು ದುಗರ್ಮಾ ಅಜ್ಜೀದು."

"ಗೊತ್ತು ಕಣೇ. ಅವಳ ಮನೆ ಬಾಗಿಲು ತುಳಿಯೋದು ಬೇಡ. ಹಸುಗಳ ಮೇವು ಆಡಳಿತದವರ ಕೈಲಿದೆ. ನಮ್ಮ ಚಿಕ್ಕೋನು ತುಮೆನ್‌ನ ಕೆಲಸ ಅವರ ಕೈಲಿದೆ. ನಿನ್ನ ಕೆಲಸಾನೂ. ಕತ್ತಲಾದ ಮೇಲೆ ಬೇಲಿ ಮೇಲಿಂದ ಎಸೆದು ಬಂದರಾಯ್ತು."

ದುಗರ್ಮಾ ಅಜ್ಜಿ ಊರಿನ ದನದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಊರಿನ ಪ್ರತಿ ಮನೆಯ ಹಸುವಿನ ಒಳಗೆ ಕೈ ಹಾಕಿ ಕರು ಎಳೆದವಳು. ಈಗ ಅವಳು ಅಂಗಡಿಗೆ ಬಂದರೆ ಮಾತು ನಿಲ್ಲುತ್ತದೆ. ಅವಳು ಹೋದ ಮೇಲೆ ಶುರುವಾಗುತ್ತದೆ.

ಗಂಡಸರನ್ನು ಸೈನ್ಯಕ್ಕೆ ಎಳೆದುಕೊಂಡು ಹೋದ ಶರತ್ಕಾಲದಲ್ಲಿ ಅದು ಆದದ್ದು. ಚೌಕದಲ್ಲಿ ಬಸ್ಸು ನಿಂತಿತ್ತು. ಮನೆಮನೆಗೆ ಚೀಟಿ ಬಂದಿತ್ತು. ನನ್ನ ಗಂಡನಿಗೂ ಬಂದಿತ್ತು. ನಮ್ಮ ಬುರ್ಯಾತ್ ಜನರ ಹಳ್ಳಿಗಳಿಗೆ ಚೀಟಿ ಬೇಗ ಬರುತ್ತದೆ. ಮಾಸ್ಕೋದಿಂದ ನಾವು ಬಹಳ ದೂರ, ಆದರೆ ಚೀಟಿಗೆ ಆ ದೂರವಿಲ್ಲ. ಸ್ಪೀಕರಿನಲ್ಲಿ ಹಾಡು. ಹೆಂಗಸರು ಬ್ರೆಡ್ಡು, ಕಾಲುಚೀಲ, ಔಷಧಿ ತುಂಬಿದ ಚೀಲಗಳನ್ನು ಕಿಟಕಿಯಿಂದ ಒಳಗೆ ಕೊಡುತ್ತಿದ್ದರು. ಆಗ ದುಗರ್ಮಾ ಅಜ್ಜಿ ಬಂದು ಬಸ್ಸಿನ ಮುಂದೆ ನಿಂತಳು. ಕೈಯಲ್ಲಿ ಹಾಲಿನ ಡಬ್ಬಿಗಳ ರಟ್ಟು. ಅದರ ಮೇಲೆ ಇದ್ದಿಲಿನಲ್ಲಿ ಬರೆದಿದ್ದಳು: "ಯಾರ ಹೊಲ ತುಳಿಯೋಕೆ ಇವರನ್ನ ಕಳಿಸ್ತಿದ್ದೀರಿ?"

ಡ್ರೈವರ್ ಹಾರನ್ ಹೊಡೆದ. ಅವಳು ಕದಲಲಿಲ್ಲ. ಆಗ ನನ್ನ ಗಂಡ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

"ಅಜ್ಜೀ, ನಿನ್ನ ಹಾರೆ ನಮ್ಮನೇಲೇ ಉಳ್ಕೊಂಡ್ಬಿಡ್ತು! ಬಂದ ತಕ್ಷಣ ತಂದು ಕೊಡ್ತೀನಿ!"

"ತಂದೇ ಕೊಡಬೇಕು ಕಣೋ ಕಳ್ಳ! ನೀನೇ ತರಬೇಕು!" ಎಂದಳು ಅಜ್ಜಿ.

ಎಲ್ಲರೂ ನಕ್ಕರು. ಅಷ್ಟರಲ್ಲಿ ಪೊಲೀಸರು ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. ರಟ್ಟು ಕೆಸರಿಗೆ ಬಿತ್ತು. ಬಸ್ಸು ಅದರ ಮೇಲೆ ಹೋಯಿತು. ಅವಳಿಗೆ ದಂಡ ಹಾಕಿದರು. ಸೈನ್ಯದ ಹೆಸರು ಕೆಡಿಸಿದಳು ಎಂದು ಊರ ನೋಟಿಸ್ ಹಲಗೆಗೆ ಅಂಟಿಸಿದರು. ಆಮೇಲೆ ಊರು ಅವಳನ್ನು ಬಿಟ್ಟಿತು.

ನನ್ನ ಗಂಡ ನಗುತ್ತಾ ಹೋದ. ಸತುವಿನ ಪೆಟ್ಟಿಗೆಯಲ್ಲಿ ಬಂದ. ಪೆಟ್ಟಿಗೆಗೆ ಬೆಸುಗೆ ಹಾಕಿತ್ತು. ತೆರೆಯಬಾರದು ಎಂದರು. ಒಳಗೆ ಅವನು ಎಷ್ಟಿದ್ದ ಎಂದು ನನಗೆ ಗೊತ್ತಿಲ್ಲ.

ವಾರ ಕಳೆದ ಮೇಲೆ ಜಿಲ್ಲಾ ಆಡಳಿತದ ಹೆಂಗಸೊಬ್ಬರು ನಮ್ಮ ಮನೆಗೆ ಬಂದರು. ಹೆಸರು ಇನ್ನಾ ವಲೇರ್ಯೆವ್ನಾ. ಜೊತೆಗೆ ನಮ್ಮ ಮುಖ್ಯೋಪಾಧ್ಯಾಯರು, ಚಿಮಿತ್ ಮೇಷ್ಟ್ರು. ಅವರು ನನಗೂ ನನ್ನ ಗಂಡನಿಗೂ ಪಾಠ ಹೇಳಿದವರು. ಇನ್ನಾ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡರು. ಅವರ ಕೋಟಿನಿಂದ ಸೆಂಟಿನ ವಾಸನೆ ಬಂತು. ಹೊರಗೆ ಅವರ ಕಾರು ಆರಿಸದೆ ಬಿಟ್ಟಿದ್ದು ಗುರುಗುಟ್ಟುತ್ತಿತ್ತು.

ಅತ್ತೆ ಬೇಯಿಸಿದ ಕುರಿಮಾಂಸ ಮುಂದಿಟ್ಟರು. ಇನ್ನಾ ಚಾಕುವಿನಲ್ಲಿ ಒಂದು ತುಂಡು ಕುಯ್ದು, ಚಾಕುವನ್ನು ಮೊನೆ ಮುಂದೆ ಮಾಡಿ ಅತ್ತೆಯ ಕಡೆ ಚಾಚಿದರು. ಅತ್ತೆ ಹಿಂದೆ ಸರಿದರು. ನಮ್ಮಲ್ಲಿ ಚೂಪಾದದ್ದನ್ನು ಕೊಡುವಾಗ ಮೊನೆ ಕೊಡುವವರ ಕಡೆ ಇರಬೇಕು. ಚಿಮಿತ್ ಮೇಷ್ಟ್ರು ಚಾಕುವನ್ನು ಮೆಲ್ಲಗೆ ಇಸಿದುಕೊಂಡು, ತಿರುಗಿಸಿ ಕೊಟ್ಟರು. ಇನ್ನಾಗೆ ಅದು ಗೊತ್ತೇ ಆಗಲಿಲ್ಲ.

"ಯಾಂಜಿಮಾ, ನಿಮ್ಮ ವೀಡಿಯೋ ಇಡೀ ಜಿಲ್ಲೆ ನೋಡಿದೆ. ಮಣ್ಣು ಮಾಡುವಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ ನೀವು. ಎಂಥ ಗಟ್ಟಿತನ! ವೀರನ ಹೆಂಡತಿ ಅಂದ್ರೆ ಹೀಗಿರಬೇಕು ಅಂತ ನಮ್ಮ ಮುಖ್ಯಸ್ಥರೇ ಹೇಳಿದ್ರು."

ನನ್ನ ವೀಡಿಯೋ ತೆಗೆದದ್ದು ನನಗೆ ಗೊತ್ತಿರಲಿಲ್ಲ.

"ಅಳಬಾರದು ಅಂತ ನಮ್ಮ ಕಟ್ಟಳೆ," ಎಂದೆ.

"ಅದೇ ಅದೇ. ನಿಮ್ಮ ಜನಾನೇ ಹಾಗೆ. ಯೋಧರ ರಕ್ತ."

ಅತ್ತೆ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಮಾಂಸ ನೋಡಿದರು.

ವಿಷಯ ಇದು. ಶಾಲೆಯಲ್ಲಿ ನನ್ನ ಗಂಡನ ಹೆಸರಿನಲ್ಲಿ ಒಂದು 'ವೀರನ ಡೆಸ್ಕು' ಇಡುತ್ತಾರೆ. ಅದರ ಮೇಲೆ ಅವನ ಫೋಟೋ, ಅವನ ಕಥೆ. ಚೆನ್ನಾಗಿ ಓದುವ ಮಕ್ಕಳಿಗೆ ಅಲ್ಲಿ ಕೂರುವ ಗೌರವ. ಉದ್ಘಾಟನೆಗೆ ಎಲ್ಲ ಹಳ್ಳಿಗಳಿಂದ ಯುವಕರನ್ನು ಕರೆಸುತ್ತಾರೆ. ಸೈನ್ಯಕ್ಕೆ ಸೇರಿಸಿಕೊಳ್ಳುವವರ ವ್ಯಾನು ಅಂಗಳದಲ್ಲೇ ನಿಂತಿರುತ್ತದೆ. ನಾನು ಎರಡು ಮಾತು ಹೇಳಬೇಕು. ಮಾತನ್ನು ಅವರೇ ಬರೆದು ತಂದಿದ್ದರು.

ಇನ್ನಾ ಫೋನಿನಲ್ಲಿ ಫೋಟೋ ತೋರಿಸಿದರು. ನನ್ನ ಗಂಡ ಸಮವಸ್ತ್ರದಲ್ಲಿದ್ದ. ಎದೆಯ ಮೇಲೆ ಪದಕಗಳು. ಬಹಳ ಹೊತ್ತು ನೋಡಿದೆ.

"ಕುತ್ತಿಗೆ ಇವರದಲ್ಲ."

"ಏನಂದ್ರಿ?"

"ಮುಖ ಇವರದು. ಕುತ್ತಿಗೆ ಬೇರೆಯವರದು."

"ಅಯ್ಯೋ, ಸಮವಸ್ತ್ರದ ಫೋಟೋ ಸಿಗಲಿಲ್ಲ. ನಗರದಲ್ಲಿ ನಮ್ಮ ಹುಡುಗರು ಜೋಡಿಸಿದ್ರು. ಚೆನ್ನಾಗಿ ಬಂದಿದೆ ಅಲ್ವಾ?"

ಅವನದು ಗಿಡ್ಡ ಕುತ್ತಿಗೆ. ಕೆಳಗೆ ಎಡಗಡೆ ಹಸುವಿನ ಕೊಂಬು ತಾಗಿದ ಗಾಯ. ಫೋಟೋದ ಕುತ್ತಿಗೆ ಉದ್ದ, ಬಿಳಿ. ಯಾರದೋ. ಅವನೂ ಸತ್ತಿದ್ದಾನೋ ಏನೋ.

ಆಗ ನನ್ನ ಮೈದುನ ತುಮೆನ್ ಒಳಗೆ ಬಂದ. ಅವನು ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದ. ಉಗುರಿನ ಸಂದಿಯಿಂದ ಕಿವಿಯವರೆಗೆ ಕಪ್ಪು. ಇನ್ನಾ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಇವರು ತಮ್ಮನಾ? ಅಣ್ಣನ ಭುಜಾನೇ. ಇಂಥ ಭುಜ ಇಟ್ಕೊಂಡು ಕಲ್ಲಿದ್ದಲು ಎತ್ತೋದಾ!"

ತುಮೆನ್ ನಾಚಿದ. ಅವನ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ. ಅತ್ತೆಯೂ ನೋಡಿದರು. ಅತ್ತೆಯ ಕೈಯಲ್ಲಿದ್ದ ಬಟ್ಟಲಿನ ಚಹಾ ತುಳುಕಿತು.

ಹೊರಡುವಾಗ ಮೇಷ್ಟ್ರು ಹಿಂದೆ ಉಳಿದರು.

"ಓದಿಬಿಡಮ್ಮಾ. ಎರಡೇ ನಿಮಿಷ. ಓದಿ ಕೆಳಗಿಳಿ. ನಮ್ಮ ಶಾಲೆ ಮುಚ್ಚಿ ಪಕ್ಕದೂರಿಗೆ ಸೇರಿಸ್ತೀವಿ ಅಂತಿದಾರೆ. ಎಲ್ಲಾನೂ ಒಂದಕ್ಕೊಂದು ಗಂಟು ಹಾಕ್ಕೊಂಡಿದೆ."

"ನೀವೇ ಓದಿ ಮೇಷ್ಟ್ರೇ."

"ನಾನು ಓದಿದ್ರೆ ಯಾರು ಅಳ್ತಾರೆ?" ಎಂದರು. ಹೇಳಿದ ಮೇಲೆ ಅವರಿಗೇ ಕೇಳಿಸಿರಬೇಕು. ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಹೋದರು.

ಮರುದಿನ ಪಾಠ ಮುಗಿಸಿ ಬಾಯ್ಲರ್ ಮನೆಗೆ ಇಳಿದೆ. ತರಗತಿಯಲ್ಲಿ ಹೊಸ ನಕಾಶೆ ತೂಗುಹಾಕಿದ್ದರು. ಉಕ್ರೇನಿನ ಒಂದಷ್ಟು ನೆಲವನ್ನು ನಮ್ಮ ಬಣ್ಣಕ್ಕೆ ಸೇರಿಸಿದ ನಕಾಶೆ. ನನ್ನ ಗಂಡ ಸತ್ತ ಜಾಗ ಆ ಬಣ್ಣದ ಅಂಚಿನಲ್ಲಿತ್ತು. ಅಲ್ಲಿಗೆ ಕೋಲು ತೋರಿಸದೆ ನದಿಗಳ ಪಾಠ ಮಾಡಿ ಬಂದಿದ್ದೆ.

ತುಮೆನ್ ಸಲಿಕೆ ಹಾಕುತ್ತಿದ್ದ. ಬಾಗುವುದು, ತುಂಬುವುದು, ತಿರುಗುವುದು, ಎಸೆಯುವುದು. ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ತುಮೆನ್, ನೀನು ಹೋಗ್ತಿದ್ದೀಯಾ?"

"ಯಾರು ಹೇಳಿದ್ರು?"

"ನಿನ್ನ ಬೆನ್ನು ಹೇಳ್ತು."

ನಕ್ಕ. ಸಲಿಕೆ ನಿಲ್ಲಿಸಲಿಲ್ಲ.

"ಇಲ್ಲೇನಿದೆ ಅತ್ತಿಗೆ? ಇಡೀ ಶಾಲೆನ ಬೆಚ್ಚಗಿಡ್ತೀನಿ. ಮೇಲೆ ಹೋದ್ರೆ ನೆಲ ಕೊಳೆಯಾಗುತ್ತೆ ಅಂತ ಕಸಗುಡಿಸೋಳು ಬೈತಾಳೆ. ನಾನು ಯಾರಿಗೂ ಕಾಣಲ್ಲ. ಅಣ್ಣಾನೂ ಯಾರಿಗೂ ಕಾಣ್ತಿರಲಿಲ್ಲ. ಸತ್ತ ಮೇಲೆ ಇಡೀ ಜಿಲ್ಲೆಗೆ ಕಂಡ."

"ಬೇರೆಯವನ ಕುತ್ತಿಗೆ ಹಾಕ್ಕೊಂಡು ಕಂಡ."

ನಾನು ಹೇಳಿದೆ. ಯಾರಿಗೂ ಹೇಳದಿದ್ದದ್ದನ್ನು ಹೇಳಿದೆ. ನಿನ್ನ ಅಣ್ಣ ಕೊನೆಯ ಸಲ ಫೋನು ಮಾಡಿದಾಗ ಒಂದು ಹಸುವಿನ ಮಾತಾಡಿದ ಎಂದೆ. ಅವರು ಒಂದು ಹಳ್ಳಿಗೆ ನುಗ್ಗಿದ್ದರು. ಮನೆಗಳಲ್ಲಿ ಜನ ಇರಲಿಲ್ಲ. ಒಂದು ಅಂಗಳದಲ್ಲಿ ಹಸು ಕೂಗುತ್ತಿತ್ತು. ಕರೆಯದೆ ಕೆಚ್ಚಲು ಕಲ್ಲಾಗಿತ್ತು. ಅವನು ಬಂದೂಕು ಗೋಡೆಗೆ ಒರಗಿಸಿ ಕೂತು ಕರೆದ. ಪಾತ್ರೆ ಇರಲಿಲ್ಲ. ನೆಲಕ್ಕೇ ಕರೆದ. ಹಾಲು ಹಿಮದ ಮೇಲೆ ಹರಿಯಿತು. "ಅವರ ಹಸು ಕಣೇ," ಅಂದ. "ಅವರ ಅಂಗಳದಲ್ಲಿ ನಾವಿದ್ದೀವಿ. ದುಗರ್ಮಾ ಅಜ್ಜಿ ಕೇಳಿದ್ದು ಇದನ್ನೇ." ಆಮೇಲೆ ಅಂದ: "ತುಮೆನ್‌ನ ಬರೋಕೆ ಬಿಡಬೇಡ. ಕಾಲು ಮುರಿದಾದರೂ ಕೂರಿಸು."

ತುಮೆನ್ ಸಲಿಕೆಗೆ ಒರಗಿ ನಿಂತ. ಕುಲುಮೆಯ ಬೆಳಕು ಅವನ ಅರ್ಧ ಮುಖಕ್ಕೆ ಬೀಳುತ್ತಿತ್ತು.

"ಇದನ್ನ ಇಲ್ಲಿ ನೆಲಮಾಳಿಗೇಲಿ ಹೇಳ್ತೀರಿ," ಎಂದ. "ವೀಡಿಯೋದಲ್ಲಿ ಹೇಗಿದ್ರಿ ಅತ್ತಿಗೆ? ಕಲ್ಲು ನಿಂತ ಹಾಗೆ. ನನ್ನ ಗೆಳೆಯರೆಲ್ಲ ಕಳಿಸಿದ್ರು, ನೋಡೋ ನಿಮ್ಮತ್ತಿಗೆನ ಅಂತ. ನನಗೂ ಹೆಮ್ಮೆ ಆಯ್ತು. ನೀವೇ ಅಳ್ಲಿಲ್ಲ ಅಂದ್ಮೇಲೆ ಅವನು ಸತ್ತಿದ್ದಕ್ಕೆ ಏನೋ ಅರ್ಥ ಇದೆ ಅಂದ್ಕೊಂಡೆ."

"ಅರ್ಥ ಇಲ್ಲ."

"ಅಡುಗೆಮನೇಲಿ ಎಲ್ಲರೂ ಹಾಗೇ ಅಂತಾರೆ. ಹೊರಗೆ ಬಂದು ಚಪ್ಪಾಳೆ ತಟ್ತಾರೆ. ಮೈಕಲ್ಲಿ ಹೇಳಿ ನೋಡೋಣ."

"ಹೇಳಿದ್ರೆ ಹೋಗಲ್ವಾ?"

"ಹೇಳಿದ್ರೆ ಹೋಗಲ್ಲ."

ಅವನು ಮತ್ತೆ ಬಾಗಿದ. ಸಲಿಕೆಯ ಸದ್ದು ಮೆಟ್ಟಿಲವರೆಗೂ ನನ್ನ ಹಿಂದೆ ಬಂತು.

ಉದ್ಘಾಟನೆಯ ದಿನ ಶಾಲೆಯ ವ್ಯಾಯಾಮದ ಕೊಠಡಿಯಲ್ಲಿ ಕುರ್ಚಿ ಹಾಕಿದ್ದರು. ಮಕ್ಕಳು ಮುಂದೆ. ಹಳ್ಳಿಗಳಿಂದ ತಂದ ಯುವಕರು ಹಿಂದೆ, ಗೋಡೆಗೆ ಒರಗಿ ಸೂರ್ಯಕಾಂತಿ ಬೀಜ ಅಗಿಯುತ್ತಿದ್ದರು. ಅಂಗಳದಲ್ಲಿ ಬಿಳಿ ವ್ಯಾನು. ಅದರ ಪಕ್ಕದ ಡೇರೆಯಲ್ಲಿ ಬಿಸಿ ಗಂಜಿ, ಸಿಹಿ ಚಹಾ ಪುಕ್ಕಟೆ.

ಡೆಸ್ಕಿನ ಮೇಲೆ ಕೆಂಪು ಬಟ್ಟೆ. ಎಳೆದಾಗ ಫೋಟೋ ಕಂಡಿತು. ಉದ್ದ ಕುತ್ತಿಗೆ. ಮಕ್ಕಳು ಎದ್ದು ನಿಂತರು. ಇನ್ನಾ ಮೈಕಿನಲ್ಲಿ ಅವನ ಹೆಸರು ಕೂಗಿದರು. ಗಲ್ಸಾನ್. ಮತ್ತೆ ಕೂಗಿದರು. ಗೋಡೆಗೆ ಬಡಿದು ಹೆಸರು ವಾಪಸ್ಸು ಬಂತು. ಮಕ್ಕಳ ಕೈಯಲ್ಲೂ ಕೂಗಿಸಿದರು.

ಮೊದಲ ಸಾಲಿನಲ್ಲಿ ಅತ್ತೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

"ಕರೀಬೇಡಿ," ಅಂದರು. "ಕರೀಬೇಡಿ, ತಿರುಗಿ ನೋಡ್ತಾನೆ."

ಸ್ಪೀಕರಿನ ಸದ್ದಿನಲ್ಲಿ ಅದು ನನಗೆ ಮಾತ್ರ ಕೇಳಿಸಿತು.

ನನ್ನನ್ನು ಕರೆದರು. ಹೋದೆ. ಕೈಯಲ್ಲಿ ಅವರು ಬರೆದುಕೊಟ್ಟ ಮಾತು. "ನನ್ನ ಪತಿ ಹೊರಡುವಾಗ ಹೇಳಿದ್ದರು, ನಾನಲ್ಲದೆ ಇನ್ಯಾರು? ನನ್ನ ಹಿಂದೆ ನನ್ನ ತಮ್ಮಂದಿರು ಬರುತ್ತಾರೆ." ಅಷ್ಟು ಓದಿದರೆ ಸಾಕಿತ್ತು. ಸಭೆಯ ತುಂಬ ಕಣ್ಣಾಡಿಸಿದೆ. ತುಮೆನ್ ಕಾಣಲಿಲ್ಲ. ಕೊಳವೆಗಳು ಬಿಸಿಯಾಗಿದ್ದವು. ಕೆಳಗೆ ಇದ್ದಾನೆ ಎಂದುಕೊಂಡೆ. ಮೈಕಿನ ಸದ್ದು ಕೊಳವೆಯ ಮೂಲಕ ಕೆಳಗೂ ಹೋಗುತ್ತದೆ.

ಧೈರ್ಯ ಅಂತ ಏನೂ ಇರಲಿಲ್ಲ. ಕಾಗದ ಮಡಿಚಿದೆ.

"ಇದು ಅವನು ಹೇಳಿದ ಮಾತಲ್ಲ," ಎಂದೆ. "ಅವನು ಹೇಳಿದ್ದು, ನನ್ನ ತಮ್ಮನನ್ನು ಬರೋಕೆ ಬಿಡಬೇಡ ಅಂತ. ಇದು ಯುದ್ಧ. ನಾವು ಬೇರೆಯವರ ಅಂಗಳಕ್ಕೆ ನುಗ್ಗಿದ್ದೀವಿ. ಅಲ್ಲಿ ಹಸುಗಳು—"

ಮೈಕು ಸತ್ತಿತು.

ಯುದ್ಧ ಎನ್ನುವ ಹಾಗಿಲ್ಲ ನಮ್ಮಲ್ಲಿ. ಆ ಪದಕ್ಕೇ ದಂಡವಿದೆ. ನಾನು ಬರಿ ಗಂಟಲಿನಲ್ಲಿ ಮುಂದುವರಿಸಿದೆ. ಹಸು, ಕೆಚ್ಚಲು, ಹಿಮ. ಮೊದಲ ಸಾಲಿಗೆ ಕೇಳಿಸಿರಬೇಕು. ಎರಡನೆಯ ಸಾಲಿಗೆ ಅರ್ಧ. ಅಷ್ಟರಲ್ಲಿ ಹಾಡು ಹಾಕಿದರು. ಇನ್ನಾ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನವರು ನನ್ನ ಭಾಷಣ ಮುಗಿಯಿತು ಎಂದುಕೊಂಡು ಎದ್ದು ನಿಂತು ತಟ್ಟಿದರು. ಇಡೀ ಸಭೆ ತಟ್ಟಿತು. ಸಣ್ಣ ಹುಡುಗಿಯೊಬ್ಬಳು ಓಡಿ ಬಂದು ಹೂ ಕೊಟ್ಟಳು. ನಾನು ಇನ್ನೂ ಮಾತಾಡುತ್ತಲೇ ಇದ್ದೆ. ಕೈಯಲ್ಲಿ ಹೂವಿತ್ತು.

ಚಿಮಿತ್ ಮೇಷ್ಟ್ರು ನನ್ನ ರಟ್ಟೆ ಹಿಡಿದು ಕೆಳಗಿಳಿಸಿದರು.

"ಏನು ಮಾಡ್ಬಿಟ್ಟೆಯಮ್ಮಾ," ಎಂದರು. "ಏನು ಮಾಡ್ಬಿಟ್ಟೆ."

ನಾನು ಬಾಯ್ಲರ್ ಮನೆಗೆ ಓಡಿದೆ. ಅಲ್ಲಿ ತುಮೆನ್ ಇರಲಿಲ್ಲ. ಬೇರೆ ಯಾರೋ ಮುದುಕ ಸಲಿಕೆ ಹಿಡಿದು ಕೂತಿದ್ದ. ಅಂಗಳಕ್ಕೆ ಬಂದೆ. ತುಮೆನ್ ವ್ಯಾನಿನ ಪಕ್ಕ ನಿಂತಿದ್ದ. ಮುಖ ತೊಳೆದುಕೊಂಡಿದ್ದ. ಕಿವಿಯ ಹಿಂದೆ ಮಾತ್ರ ಮಸಿ ಉಳಿದಿತ್ತು. ಕೈಯಲ್ಲಿ ಗಂಜಿಯ ಬಟ್ಟಲು.

"ಹೇಳಿದೆ," ಎಂದೆ. ಏದುಸಿರು ಬರುತ್ತಿತ್ತು. "ಮೈಕಲ್ಲೇ ಹೇಳಿದೆ. ಬಾ ಮನೆಗೆ."

ಅವನು ನನ್ನನ್ನೂ ನನ್ನ ಕೈಯಲ್ಲಿದ್ದ ಹೂವನ್ನೂ ನೋಡಿದ.

"ಹೇಳಿದ್ರಾ?"

"ಕೇಳಿಸಲಿಲ್ವಾ?"

"ಬೆಳಗ್ಗೆನೇ ಸಹಿ ಹಾಕ್ಬಿಟ್ಟೆ ಅತ್ತಿಗೆ." ಅವನ ಧ್ವನಿ ಚಿಕ್ಕದಾಗಿತ್ತು. "ನೀವು ಹೇಳಲ್ಲ ಅಂದ್ಕೊಂಡಿದ್ದೆ."

"ವಾಪಸ್ ತಗೋ."

ಪಕ್ಕದಲ್ಲಿದ್ದ ಅಧಿಕಾರಿ ನಕ್ಕ. ಒಳ್ಳೆಯ ಮನುಷ್ಯನ ಹಾಗೆ ನಕ್ಕ.

"ಇದೇನು ಅಂಗಡೀಲಿ ತಗೊಂಡ ಬೂಟಾ ತಾಯಿ, ಬಿಗಿಯಾಯ್ತು ಅಂತ ವಾಪಸ್ ಕೊಡೋಕೆ?"

ತುಮೆನ್ ಕೂಡ ನಗಲು ನೋಡಿದ. ಆಗಲಿಲ್ಲ. ಗಂಜಿಯ ಬಟ್ಟಲನ್ನು ಎಲ್ಲಿಡಬೇಕು ಎಂದು ತಿಳಿಯದೆ ನನ್ನ ಕೈಗೆ ಕೊಟ್ಟ. ಅದು ಇನ್ನೂ ಬಿಸಿಯಾಗಿತ್ತು.

ಅತ್ತೆ ಬಂದರು. ಮಗನ ಕಿವಿಯ ಹಿಂದಿನ ಮಸಿಯನ್ನು ಎಂಜಲು ಬೆರಳಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ವ್ಯಾನು ಹತ್ತು ಎಂದು ಅಧಿಕಾರಿ ಹೇಳುವವರೆಗೂ ಒರೆಸಿದರು.

ಆ ವೀಡಿಯೋ ಕೂಡ ಬಂತು. ನಾನು ಮೈಕಿನ ಮುಂದೆ ನಿಂತಿದ್ದೇನೆ. ತುಟಿ ಆಡುತ್ತಿದೆ. ಧ್ವನಿಯಿಲ್ಲ, ಮೇಲೆ ಹಾಡು. ಕಣ್ಣಲ್ಲಿ ನೀರಿಲ್ಲ. ಜನ ಎದ್ದು ಚಪ್ಪಾಳೆ ತಟ್ಟುತ್ತಾರೆ. ಹುಡುಗಿ ಹೂ ಕೊಡುತ್ತಾಳೆ. ಕೆಳಗೆ ಬರೆದಿದ್ದರು: ವೀರನ ಪತ್ನಿಯ ಕರೆ. ಪಕ್ಕದ ಜಿಲ್ಲೆಯಲ್ಲಿ ಅದನ್ನು ತೋರಿಸಿಯೇ ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದಾರೆ ಎಂದು ಯಾರೋ ಹೇಳಿದರು.

ಮೊದಲ ಸಾಲಿನಲ್ಲಿದ್ದ ಯಾರೋ ದೂರು ಕೊಟ್ಟರು. ಪೊಲೀಸ್ ಠಾಣೆಗೆ ಕರೆದರು. ದಂಡ ಹಾಕಿದರು. ಹೊರಗೆ ವೀರನ ಪತ್ನಿ, ಒಳಗೆ ಅಪರಾಧಿ. ನನ್ನ ತರಗತಿಗಳನ್ನು ಬೇರೆಯವರಿಗೆ ಕೊಟ್ಟರು. ಚಿಮಿತ್ ಮೇಷ್ಟ್ರು ಮನೆಗೆ ಬಂದು ಹೇಳಲಿಲ್ಲ. ಕಸಗುಡಿಸುವವಳ ಕೈಯಲ್ಲಿ ಹೇಳಿ ಕಳಿಸಿದರು. ಅಂಗಡಿಗೆ ಹೋದೆ. ಮಾತು ನಿಂತಿತು.

ಮನೆಯಲ್ಲಿ ಗಂಡಸರ ಕೆಲಸವೆಲ್ಲ ನನಗೆ ಬಂತು. ಸಗಣಿ ಹೆಪ್ಪುಗಟ್ಟಿ ಕಲ್ಲಾಗಿರುತ್ತಿತ್ತು. ಹಾರೆಯಿಂದ ಎಬ್ಬಿಸಿ ಜಾರುಬಂಡಿಗೆ ತುಂಬುವುದು. ಹೊಳೆಯ ಮೇಲೆ ಹೋಗಿ ಗಡ್ಡೆ ಕಡಿಯುವುದು. ಅಂಗೈಯ ಚರ್ಮ ಸುಲಿಯಿತು. ಕಬ್ಬಿಣಕ್ಕೆ ಅಂಟಿ ಬಂತು. ನೋವು ಬಹಳ ತಡವಾಗಿ ಗೊತ್ತಾಗುತ್ತಿತ್ತು.

ನಲವತ್ತೊಂಬತ್ತನೆಯ ದಿನ ಲಾಮಾ ಬಂದು ಮಂತ್ರ ಓದಿ ಹೋದರು. ಅತ್ತೆ ಕೆಂಡದ ಮೇಲೆ ಒಣ ಸೊಪ್ಪು ಹಾಕಿ ಮನೆಯ ಮೂಲೆಮೂಲೆಗೂ ಹೊಗೆ ತೋರಿಸಿದರು. ಆಮೇಲೆ ಕೊಟ್ಟಿಗೆಗೆ ಹೋದರು. ಹಾರೆ ಎಳೆದುಕೊಂಡು ಬಂದರು. ಅದು ಅವರಿಗಿಂತ ಭಾರ. ಹೊಸಿಲ ಮೇಲೆ ಮಲಗಿಸಿ ಬಿಸಿನೀರು ಸುರಿದು ತಿಕ್ಕಿದರು. ಮೊನೆಯ ಸಂದಿನಲ್ಲಿ ಇನ್ನೂ ಒಂದಿಷ್ಟು ಹಳದಿ ಇತ್ತು. ಉಗುರಿನಿಂದ ತೆಗೆದರು. ಅದನ್ನು ಎಸೆಯಲಿಲ್ಲ. ಕೋಟಿನ ಜೇಬಿಗೆ ಹಾಕಿಕೊಂಡರು. ಹಾರೆಗೂ ಹೊಗೆ ತೋರಿಸಿದರು.

"ಕೊಟ್ಟು ಬಾ," ಎಂದರು.

"ಕತ್ತಲಾಗಲಿ ಅಂತ ಅಂದಿದ್ರಿ."

"ಈಗಲೇ ಹೋಗು. ಹಿತ್ತಲ ದಾರೀಲಿ ಹೋಗಬೇಡ. ದೊಡ್ಡ ಬೀದೀಲಿ ಹೋಗು. ಅವನು ಎಲ್ಲರೆದುರಿಗೆ ಕೂಗಿ ಹೇಳಿದ್ದ, ತಂದು ಕೊಡ್ತೀನಿ ಅಂತ."

"ಮೇವು ಅತ್ತೆ?"

"ಮೇವಿನ ಭಯ ಇನ್ನು ಯಾರಿಗೋಸ್ಕರ? ತುಮೆನ್‌ನ ಇಲ್ಲಿ ಉಳಿಸಿಕೊಳ್ಳೋಕೆ ತಾನೇ ನಾನು ಬಾಯಿ ಮುಚ್ಚಿಕೊಂಡಿದ್ದು?" ಅವರು ಒಲೆಯ ಕಡೆ ತಿರುಗಿದರು. "ಇವತ್ತಿಂದ ಅಳಬಹುದು. ಅಳಬೇಕು ಅಂತಿದ್ರೆ ಅತ್ತುಬಿಡು."

ಅಳು ಬರಲಿಲ್ಲ. ಹಾರೆ ಹೆಗಲಿಗೆ ಹಾಕಿಕೊಂಡೆ.

ದೊಡ್ಡ ಬೀದಿಯಲ್ಲಿ ಬಿಸಿಲಿತ್ತು. ಅಂಗಡಿಯ ಮುಂದೆ ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು. ಚೌಕದಲ್ಲಿ ಪೊಲೀಸಿನವನು ಜೀಪಿನ ಕಿಟಕಿ ಇಳಿಸಿದ.

"ಏಯ್ ಯಾಂಜಿಮಾ, ಎಲ್ಲಿಗೆ ಆಯುಧ ಹೊತ್ಕೊಂಡು?"

"ಎರವಲು ವಾಪಸ್ ಕೊಡೋಕೆ."

"ಯಾರಿಗೆ?"

ಹೇಳಿದೆ. ಅವನು ಕಿಟಕಿ ಏರಿಸಿಕೊಂಡ. ಅವನ ಮನೆಯ ಹಸುವಿನ ಕರುವನ್ನೂ ಅವಳೇ ಎಳೆದಿದ್ದಳು.

ಶಾಲೆಯ ಮುಂದೆ ಹೋಗುವಾಗ ಚಿಮಣಿಯಿಂದ ಹೊಗೆ ಬರುತ್ತಿತ್ತು. ಒಳಗೆ ಯಾವುದೋ ಮಗು ಬೇರೆಯವನ ಕುತ್ತಿಗೆಯ ಮುಂದೆ ಕೂತು ಲೆಕ್ಕ ಮಾಡುತ್ತಿರಬೇಕು. ಅದರಾಚೆ, ಗುಡ್ಡದ ಮೇಲೆ, ಇನ್ನೊಂದು ಹೊಗೆ ಎದ್ದಿತ್ತು. ಕಪ್ಪು ಹೊಗೆ. ಟೈರಿನದು.

ದುಗರ್ಮಾ ಅಜ್ಜಿ ಬಾಗಿಲಲ್ಲಿ ಹಿಮ ಗುಡಿಸುತ್ತಿದ್ದಳು. ನನ್ನನ್ನು ನೋಡಿ ಪೊರಕೆ ನಿಲ್ಲಿಸಿದಳು. ಹೆಗಲ ಮೇಲಿನ ಹಾರೆ ನೋಡಿದಳು.

"ನೀನೇ ತರಬೇಕು ಅಂದಿದ್ದೆ ಅವನಿಗೆ," ಎಂದಳು.

"ಹೂಂ ಅಜ್ಜಿ."

"ಕಳ್ಳ."

ಕೈಗವಸು ತೆಗೆದು ಮೊನೆಯನ್ನು ಮುಟ್ಟಿ ನೋಡಿದಳು.

"ಮೊಂಡಾಗಿದೆ."

"ನೆಲ ಗಟ್ಟಿ ಇತ್ತು."

"ಗೊತ್ತು." ಗುಡ್ಡದ ಕಡೆ ನೋಡಿದಳು. "ನಿನ್ನೆ ಕೆಳಗಿನ ಬೀದಿಯವರು ಬಂದಿದ್ರು. ಬಸ್ಸಿನ ದಿನ ನನ್ನ ಮೇಲೆ ಉಗುಳಿದವರು. ಬೇಲಿ ಆಚೆ ನಿಂತು, ನನ್ನ ಮುಖ ನೋಡದೆ, ಹಾರೆ ಇದೆಯಾ ಅಂದ್ರು. ಅವರ ಹುಡುಗನ ಪೆಟ್ಟಿಗೆ ಬರ್ತಿದೆಯಂತೆ. ಯಾಂಜಿಮಾ ಮನೇಲಿದೆ ಅಂದೆ."

"ನಮ್ಮನೆಗೆ ಬರಲಿಲ್ಲ."

"ನಿಮ್ಮನೆಗೂ ಈಗ ಬರಲ್ಲ ಅವರು. ಹಾಗಾದ್ರೆ ಬೇಲಿಗೇ ಒರಗಿಸ್ತೀನಿ. ಹೊರಗಡೆ. ಕೇಳೋ ಕಷ್ಟಾನೂ ಬೇಡ ಅವರಿಗೆ. ತಗೊಂಡು ಹೋಗಲಿ."

ಕೈ ಚಾಚಿದಳು.

ಹೆಗಲಿನಿಂದ ಹಾರೆ ಇಳಿಸಿದೆ. ಬರಿಗೈಯಲ್ಲಿ ಹಿಡಿದಿದ್ದೆ. ಅಂಗೈ ಕಬ್ಬಿಣಕ್ಕೆ ಅಂಟಿತ್ತು, ಮೆಲ್ಲಗೆ ಬಿಡಿಸಿಕೊಂಡೆ. ಮೊನೆಯನ್ನು ನನ್ನ ಎದೆಯ ಕಡೆ ತಿರುಗಿಸಿ, ಹಿಡಿಯನ್ನು ಅವಳ ಕಡೆ ಚಾಚಿದೆ. ಅವಳು ತೆಗೆದುಕೊಂಡಳು.